ನಿಯಮ ಏಳು

ಕರಡು ಬರೆದವನು ನಾನೇ, ಸುಳ್ಳು ಹೇಳಲಾರೆ.
ಮೈಸೂರಿನ ಯಾವುದೋ ಕಟ್ಟಡದ ನಿಯಮಪುಸ್ತಕ ತರಿಸಿ
ಅವರ ಹೆಸರು ಅಳಿಸಿ ನಮ್ಮದು ತುಂಬಿಸಿದೆ:
ಕೋಟೆನೋಟ ನಿವಾಸಿಗಳ ಸಂಘ, ಮಡಿಕೇರಿ.
ನಾಲ್ಕು ಮಹಡಿ, ಹದಿನಾರು ಮನೆ,
ಮನೆಗೊಂದು ಬಾಲ್ಕನಿ, ಹನ್ನೊಂದಡಿಗೆ ನಾಲ್ಕಡಿ.

ಅಳತೆಯೂ ನನ್ನದೇ. ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ
ಜಮ್ಮ ಬಾಣೆಗಳ ಮೇಲೆ ಸರಪಳಿ ಎಳೆದವನು,
ಜಿಗಣೆ ಕಿತ್ತೆಸೆಯುತ್ತ ಗಡಿಕಲ್ಲು ಹುಡುಕಿದವನು,
ಈಗ ಸೆಕ್ರೆಟರಿ.
ಹೂಕುಂಡ ಕಂಬಿಯಿಂದ ಎಷ್ಟು ಇಂಚು ಒಳಗಿರಬೇಕೆಂದು
ಟೇಪು ಹಿಡಿದು ತೀರ್ಮಾನಿಸುತ್ತೇನೆ.

ಬಣ್ಣದ ಪರದೆ ಕೂಡದು.
ದೀಪದ ಸರ ಹಬ್ಬಕ್ಕೆ ಮೂರು ದಿನ ಮಾತ್ರ.
ಬೆಂಕಿ ಕೂಡದು, ಪಾರಿವಾಳಕ್ಕೆ ಕಾಳು ಕೂಡದು.
ಏಳನೆಯದು: ರಸ್ತೆಗೆ ಕಾಣುವಂತೆ
ಬಟ್ಟೆ ಒಣಹಾಕತಕ್ಕದ್ದಲ್ಲ.

ಓದಿದಾಗ ಯಾರೂ ತಕರಾರು ತೆಗೆಯಲಿಲ್ಲ.
ಅದು ಮಾರ್ಚ್. ಬಟ್ಟೆ ಎಲ್ಲಿ ಹಾಕಿದರೂ ಒಣಗುತ್ತಿತ್ತು.
ಒಂದನೇ ಮಹಡಿಯ ಬೊಳ್ಳಮ್ಮ ಮಾತ್ರ ಕನ್ನಡಕ ಒರೆಸುತ್ತ,
‘ರಸ್ತೆಗೆ ಕಾಣೋದು ಅಂದ್ರೆ, ಮಂಜಿದ್ದಾಗಲೂನಾ?’ ಎಂದರು.
ಎಲ್ಲರೂ ನಕ್ಕರು.
ನಡಾವಳಿಯಲ್ಲಿ ನಾನದನ್ನು ಬರೆಯಲಿಲ್ಲ.

ಜೂನ್ ಬಂತು. ಜುಲೈ. ಮಂಜು ಕಂಬಿಯವರೆಗೂ ಬಂದು ನಿಂತು
ಏಳನೇ ನಿಯಮವನ್ನು ನನಗಿಂತ ಚೆನ್ನಾಗಿ ಜಾರಿ ಮಾಡಿತು:
ರಸ್ತೆಗೆ ಏನೂ ಕಾಣಲಿಲ್ಲ,
ನಮಗೆ ರಸ್ತೆಯೇ ಕಾಣಲಿಲ್ಲ.
ಒಳಗೆ ಕಾಲಿಟ್ಟರೆ ಮಾತ್ರ ಹದಿನಾರು ಮನೆಗೂ ಒಂದೇ ವಾಸನೆ,
ಫ್ಯಾನಿನ ಕೆಳಗೆ ನಾಲ್ಕು ದಿನದಿಂದ
ಒಣಗಲೊಲ್ಲದ ಬನಿಯನ್ನಿನದು.

ಮುನ್ನೂರ ಮೂರರ ಮೇಲೆ ದೂರು ಬಂತು: ಬಾಲ್ಕನಿಯಲ್ಲಿ ಹೊಗೆ.
ನೋಟಿಸು ಮಡಚಿ ಜೇಬಲ್ಲಿಟ್ಟು ಮೆಟ್ಟಿಲು ಹತ್ತಿದೆ.
ಡ್ರೈವರ್ ಸಮೀರ ವಿರಾಜಪೇಟೆ ಬಸ್ಸಿನಲ್ಲಿದ್ದ.
ರುಖಿಯಾ ಬಾಗಿಲು ತೆರೆದಳು, ಹೆಗಲ ಮೇಲೆ ಎಳೆಮಗು.
ಕಬ್ಬಿಣದ ಬಾಣಲೆಯಲ್ಲಿ ಕೆಂಡ,
ಮೇಲೆ ಬೋರಲು ಹಾಕಿದ ಬಿದಿರ ಬುಟ್ಟಿ,
ಬುಟ್ಟಿಯ ಬೆನ್ನಿಗೆ ಕರವಸ್ತ್ರದಷ್ಟಗಲದ ಬಟ್ಟೆಗಳು, ಹದಿನಾಲ್ಕು.
ಎಣಿಸಿದೆ. ಎಣಿಸುವುದು ನನಗೆ ಚಟ.
‘ಇದು ಒಣಹಾಕೋದಲ್ಲ ಸಾರ್, ಕಾಯಿಸೋದು.’
ಕಾಯಿಸುವುದರ ಬಗ್ಗೆ ಏಳರಲ್ಲಿ ಏನೂ ಇಲ್ಲ.
ನಾಲ್ಕರಲ್ಲಿ ಬೆಂಕಿ ಇದೆ.
ಕೆಂಡ ಬೆಂಕಿಯೇ? ಅಡಿಟಿಪ್ಪಣಿ ಬೇಕಿತ್ತು.
ಸೀಯುತ್ತಿದ್ದ ಒಂದನ್ನು ಮಗುಚಿ ಹಾಕಿ ಇಳಿದು ಬಂದೆ.
ನೋಟಿಸು ಜೇಬಿನಲ್ಲೇ ಒದ್ದೆಯಾಗಿ ಶಾಯಿ ಬಿಟ್ಟಿತ್ತು.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ.
ಸೊಪ್ಪು ಬೊಳ್ಳಮ್ಮನವರ ಕುಂಡದ್ದು,
ಕುಂಡ ನನ್ನ ಗೆರೆ ದಾಟಿ ಎರಡಿಂಚು ಹೊರಗಿದೆ,
ಸೊಪ್ಪು ಮಾತ್ರ ಎಲ್ಲ ಮನೆಗೂ ಹೋಗಿತ್ತು.
ನನ್ನ ಬಟ್ಟಲು ವಾಲಿ ಬಿಳಿ ಪಂಚೆಯ ಮೇಲೆ
ನೇರಳೆ ಬಣ್ಣದ ಕಲೆ,
ಹೆಚ್ಚುಕಡಿಮೆ ಭಾಗಮಂಡಲ ಹೋಬಳಿಯ ಆಕಾರ.

ಅದಾದ ಐದನೇ ದಿನ ಬಿಸಿಲು ಬಂತು,
ಪಕ್ಕದ ಕೋಣೆಯಲ್ಲಿ ಯಾರೋ ಲೈಟು ಹಾಕಿದಂತೆ.
ಮೊದಲು ಚಿಲಕಗಳ ಸದ್ದು, ಆಮೇಲೆ ಬಕೆಟ್ಟುಗಳದು.
ಮೊಬೈಲು ಹಿಡಿದು ರಸ್ತೆಗೆ ಓಡಿದೆ, ಸಾಕ್ಷಿ ಬೇಕಲ್ಲ.
ಕಂಬಳಿ, ಸ್ಕೂಲಿನ ಟೈ, ಹಾಸಿಗೆ,
ಮದುವೆಗಷ್ಟೇ ಹೊರಬರುವ ಕಪ್ಪು ಕುಪ್ಯ
ಬೂಷ್ಟು ಹಿಡಿದು ಬೂದಿಯಾಗಿ,
ರುಖಿಯಾಳ ಹದಿನಾಲ್ಕು ತುಂಡು, ಈಗ ಹದಿನಾರು,
ಸಂಘದ ಅಧ್ಯಕ್ಷರ ಉಣ್ಣೆಯ ಉದ್ದ ಚಡ್ಡಿ
ಕಂಬಿಯ ಮೇಲೆ ಕಾಲು ಅಗಲಿಸಿ
ಕೋಟೆಯ ಕಡೆ ಮುಖಮಾಡಿ.
ಪ್ರವಾಸಿಗಳ ಕಾರೊಂದು ನಿಂತಿತು.
ಅವರೂ ಫೋಟೋ ತೆಗೆದರು.

ನಲವತ್ತು ನಿಮಿಷ. ಮತ್ತೆ ಎಲ್ಲ ಬಿಳಿ.

ರಾತ್ರಿ ನೋಟಿಸು ಬರೆಯಲು ಕೂತು
ಮನೆ ನಂಬರು ಗುರುತಿಸಲು ಫೋಟೋ ದೊಡ್ಡದು ಮಾಡಿದೆ.
ನಾಲ್ಕನೇ ಮಹಡಿ, ಎಡದಿಂದ ಎರಡನೆಯದು.
ಗಾಳಿಗೆ ಹೊಟ್ಟೆ ಉಬ್ಬಿಸಿ ಒಂದು ಬಿಳಿ ಪಂಚೆ,
ನಟ್ಟನಡುವೆ ಭಾಗಮಂಡಲ ಹೋಬಳಿ,
ಒಗೆದರೂ ಗಡಿ ಒಂದಿಷ್ಟೂ ಒತ್ತುವರಿಯಾಗಿಲ್ಲ.

‘ಲೀಲಾವತೀ’ ಎಂದೆ.
ಒಳಗಿನಿಂದ ಉತ್ತರ:
‘ಒಣಗಿದೆ. ಮಡಚಿಟ್ಟಿದ್ದೇನೆ.’